ಡ್ರಾಪ್ಸ್ ಸಾಕು ಮಗಳೇ, ಒಮ್ಮೆ ಪರೀಕ್ಷೆ ಮಾಡಿಸು

ದಾವಣಗೆರೆ

ಪ್ರೀತಿಯ ಮಗಳೇ,

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನ್ನ ಎಡಗಣ್ಣಲ್ಲಿ ನೀರು ಸೋರುವುದು ಇನ್ನೂ ನಿಂತಿಲ್ಲವಂತೆ. ಪಾಠ ಮಾಡುವಾಗಲೂ ಕರ್ಚೀಫು ಕೈಯಲ್ಲೇ ಇರುತ್ತದಂತೆ. "ಮಿಸ್ ಯಾಕೆ ಅಳ್ತಿದ್ದೀರಿ?" ಅಂತ ಮಕ್ಕಳು ಕೇಳಿದರಂತೆ. ಅದನ್ನು ಕೇಳಿ ರಾತ್ರಿ ನಿದ್ದೆ ಬರಲಿಲ್ಲ.

ನಾನು ಮಾಡಿದ ತಪ್ಪನ್ನೇ ನೀನೂ ಮಾಡುತ್ತಿದ್ದೀಯ. ಮಂಡಿಯ ಮೆಕ್ಕೆಜೋಳದ ಧೂಳಿಗೆ ಹೀಗಾಗುತ್ತದೆ ಅಂದುಕೊಂಡು ಒಂದೂವರೆ ವರ್ಷ ಡ್ರಾಪ್ಸ್ ಹಾಕಿಕೊಂಡೆ. ತೋರಿಸಿದ ಕಡೆಯೂ ಅಲರ್ಜಿ ಅಂದರು. ಒಂದು ದಿನ ಬೆಳಿಗ್ಗೆ ಎದ್ದರೆ ಕಣ್ಣಿಗೂ ಮೂಗಿಗೂ ನಡುವೆ ಕೆಂಪಗೆ ಊತ, ಮುಟ್ಟಲಾರದ ನೋವು, ಜ್ವರ. ಒಳಗೆ ಕೀವು ತುಂಬಿತ್ತು. ಮೊದಲು ಆಂಟಿಬಯಾಟಿಕ್ ಕೊಟ್ಟು ಊತ ಇಳಿಸಿ, ಆಮೇಲೆ ಆಪರೇಷನ್ ಮಾಡಿದರು. ಆ ನೋವು ನಿನಗೆ ಬೇಡ.

ಅತ್ತಾಗ ಮೂಗೂ ಸೋರುತ್ತದೆ ಅಲ್ವಾ? ರೆಪ್ಪೆಯ ಒಳತುದಿಯಲ್ಲಿ ಸಣ್ಣ ತೂತುಗಳಿವೆ. ಕಣ್ಣೀರು ಅಲ್ಲಿಂದ ಒಂದು ಚೀಲಕ್ಕೆ ಇಳಿದು, ನಾಳದಲ್ಲಿ ಮೂಗಿಗೆ ಹೋಗುತ್ತದೆ. ಆ ನಾಳ ಮುಚ್ಚಿದರೆ ನೀರು ಕೆನ್ನೆಗೆ ಹರಿಯುತ್ತದೆ, ಚೀಲದಲ್ಲಿ ನಿಂತದ್ದು ಕೊಳೆಯುತ್ತದೆ. ಬಚ್ಚಲ ಮೋರಿ ಕಟ್ಟಿಕೊಂಡಾಗ ನಲ್ಲಿ ತೊಳೆದರೆ ಏನು ಬಂತು? ಡ್ರಾಪ್ಸ್ ಹಾಕುವುದೂ ಹಾಗೆಯೇ. ನಿನ್ನ ಮಗ ಕೂಸಾಗಿದ್ದಾಗ ಮೂಗಿನ ಪಕ್ಕ ನೀವಿ ನೀವಿ ಸರಿಯಾಯಿತು. ದೊಡ್ಡವರಿಗೆ ಅದು ನಡೆಯುವುದಿಲ್ಲ. ನಡುವಯಸ್ಸು ದಾಟುವ ಹೆಂಗಸರಿಗೇ ಇದು ಜಾಸ್ತಿ.

ಹಾಗಂತ ನೀರು ಸೋರುವ ಕಣ್ಣಿಗೆಲ್ಲ ಇದೇ ಕಾರಣ ಅಲ್ಲ. ಕಣ್ಣು ಒಣಗಿದರೂ, ರೆಪ್ಪೆ ಸಡಿಲವಾದರೂ ಸೋರುತ್ತದೆ. ಅದಕ್ಕೇ ಮೊದಲು ಸಿರಿಂಜಿಂಗ್ ಮಾಡಿಸು. ಆ ತೂತಿನಿಂದ ಸಲೈನ್ ಬಿಡುತ್ತಾರೆ. ಗಂಟಲಿಗೆ ಉಪ್ಪುಪ್ಪು ಬಂದರೆ ದಾರಿ ತೆರೆದಿದೆ. ಹೊರಗೇ ಉಕ್ಕಿ ಬಂದರೆ ಮುಚ್ಚಿದೆ. ಐದು ನಿಮಿಷದ ಕೆಲಸ.

ಮುಚ್ಚಿದ್ದರೆ ಡಿಸಿಆರ್ ಆಪರೇಷನ್ ಹೇಳುತ್ತಾರೆ. ನಿನ್ನ ಹೆದರಿಕೆ ಗೊತ್ತು, ಕಣ್ಣಿಗೆ ಚಾಕು ಅಂತ. ಕಣ್ಣುಗುಡ್ಡೆಯನ್ನು ಮುಟ್ಟುವುದೇ ಇಲ್ಲ. ಚೀಲಕ್ಕೂ ಮೂಗಿಗೂ ನಡುವಿನ ತೆಳು ಮೂಳೆಯಲ್ಲಿ ಕಿಂಡಿ ಮಾಡಿ, ಚೀಲವನ್ನು ನೇರ ಮೂಗಿಗೆ ಸೇರಿಸುತ್ತಾರೆ. ಇದೇನು ಹೊಸ ಪ್ರಯೋಗ ಅಲ್ಲ. ಇಟಲಿಯ ಟೋಟಿ ಎಂಬ ವೈದ್ಯರು 1904ರಲ್ಲೇ ತೋರಿಸಿಕೊಟ್ಟದ್ದು. ಹತ್ತರಲ್ಲಿ ಒಂಬತ್ತು ಜನಕ್ಕೆ ಗುಣವಾಗುತ್ತದೆ.

ನನಗೆ ಹೊರಗಿನಿಂದ, ಮೂಗಿನ ಪಕ್ಕ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಕೊಯ್ದು ಮಾಡಿದರು. ವಾರಕ್ಕೆ ಹೊಲಿಗೆ ಬಿಚ್ಚಿದರು. ಈಗ ಕಲೆ ಎಲ್ಲಿದೆ ಅಂತ ಹುಡುಕಬೇಕು. ಮೂಗಿನೊಳಗಿನಿಂದ ದುರ್ಬೀನು ಬಿಟ್ಟು ಮಾಡುವುದೂ ಇದೆ, ಅದರಲ್ಲಿ ಮುಖದ ಮೇಲೆ ಗಾಯವೇ ಇರುವುದಿಲ್ಲ. ನಿನಗೆ ಯಾವುದು ಸರಿ ಅಂತ ಡಾಕ್ಟರನ್ನೇ ಕೇಳು, ಸಂಕೋಚ ಬೇಡ. ಕೆಲವರಿಗೆ ಸಿಲಿಕೋನ್ ಕೊಳವೆ ಹಾಕಿ, ಕೆಲವು ವಾರವೋ ತಿಂಗಳೋ ಬಿಟ್ಟು ತೆಗೆಯುತ್ತಾರೆ. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳು. ನೀನಾಗಿಯೇ ನಿಲ್ಲಿಸಬೇಡ.

ಆಮೇಲಿನ ಪಥ್ಯ ಸುಲಭ. ಮೊದಲ ದಿನ ಬಿಸಿ ಬಿಸಿ ಕಾಫಿ ಇಲ್ಲ. ಎರಡು ವಾರ ಜೋರಾಗಿ ಸಿಂಬಳ ತೆಗೆಯುವಂತಿಲ್ಲ. ತಲೆದಿಂಬು ಎತ್ತರ ಇರಲಿ. ಮೂಗಿನಿಂದ ಹನಿ ರಕ್ತ ಬಂದರೆ ಗಾಬರಿಯಾಗಬೇಡ. ಸುರಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೀವು ಬಂದಿಲ್ಲ ಅಂತ ಸುಮ್ನೆ ಇರಬೇಡ. ಮುಂದೆ ಪೊರೆ ಆಪರೇಷನ್ ಬೇಕಾದರೂ, ಚೀಲದಲ್ಲಿ ಸೋಂಕು ಇದ್ದರೆ ಅದು ಕಣ್ಣಿನೊಳಗೆ ಹೋದೀತು ಎಂದು ಮೊದಲು ಇದನ್ನೇ ಸರಿ ಮಾಡುತ್ತಾರೆ.

ಶನಿವಾರ ಶಾಲೆ ಮುಗಿಸಿ ಚಳ್ಳಕೆರೆಯಿಂದ ಬಸ್ಸು ಹತ್ತು. ರಾತ್ರಿ ಇಲ್ಲೇ ಮಲಗು. ಸೋಮವಾರ ಒಂದು ದಿನ ರಜೆ ಹಾಕು. ಬೆಳಿಗ್ಗೆ ನಾನೇ ಜೊತೆಗೆ ಬರುತ್ತೇನೆ, ಸಿರಿಂಜಿಂಗ್ ಮಾಡುವಾಗ ನಿನ್ನ ಕೈ ಹಿಡಿದುಕೊಂಡು ಕೂತಿರುತ್ತೇನೆ.

ನಿನ್ನ
ದೊಡ್ಡಮ್ಮ