ಭಾನುವಾರ ಅಡಿಕೆ ಸುಲಿಯೋಣ, ಮೆಟ್ಟುಗತ್ತಿ ತನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ನಮ್ಮ ಅಂಗಳದಲ್ಲಿ ಕೇರಿಯವರೆಲ್ಲ ಸೇರಿ ಅಡಿಕೆ ಸುಲಿಯೋಣ. ಶಿರಸಿ ಪೇಟೆಯಲ್ಲಿರುವ ಮಕ್ಕಳು, ಮೊಮ್ಮಕ್ಕಳನ್ನೂ ಕರೆತನ್ನಿ. ಇದು ಅವರು ನೋಡಲಿ ಎಂದೇ.

ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿ.ಎಸ್.ಎಸ್. ಶುರುವಾಗಿದ್ದು 1923ರಲ್ಲಿ. ಆಗಲೂ ನಮ್ಮ ಮುತ್ತಜ್ಜಂದಿರು ಹೀಗೇ ಮೆಟ್ಟುಗತ್ತಿ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಆಮೇಲೆ ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸುವುದು, ಅಟ್ಟದ ಮೇಲೆ ಒಣಗಿಸುವುದು. ಈಗ ಸುಲಿಯುವ ಯಂತ್ರ ಬಂದಿದೆ, ನಮ್ಮಲ್ಲೂ ಒಂದಿದೆ. ಆದರೆ ಅದರ ಸದ್ದಿನಲ್ಲಿ ಊರ ಸುದ್ದಿ ಕೇಳಿಸುವುದಿಲ್ಲ, ಅಲ್ವಾ?

ಮೆಟ್ಟುಗತ್ತಿ ಇದ್ದವರು ಹರಿತ ಮಾಡಿಕೊಂಡು ತನ್ನಿ. ಬುಟ್ಟಿ ನಮ್ಮಲ್ಲಿದೆ. ಹಳೇ ಬಟ್ಟೆ ಹಾಕಿಕೊಳ್ಳಿ, ಅಡಿಕೆ ಕಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಚಿಕ್ಕವರಿಗೆ ಕತ್ತಿ ಬೇಡ, ಸಿಪ್ಪೆ ರಾಶಿ ಹಾಕಲಿ.

ತಿನ್ನಲು ತೊಡದೇವು, ಅದೇ ಕಾಗದದಂಥ ತೆಳ್ಳನೆ ಸಿಹಿತಿಂಡಿ. ಆಲೆಮನೆ ಇನ್ನೂ ಶುರುವಾಗಿಲ್ಲ, ಹಾಗಾಗಿ ಕಬ್ಬಿನ ಹಾಲಿಲ್ಲ, ಜೋನಿ (ನೀರು) ಬೆಲ್ಲದ್ದೇ. ಕವುಚಿದ ಮಡಿಕೆ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಬಳಿಯುವುದನ್ನು ಮಕ್ಕಳು ನೋಡಲೇಬೇಕು. ಹೊಯ್ಯಲು ಬರುವವರು ಇನ್ನಿಬ್ಬರು ಬೇಕು, ಅತ್ತಿಗೆ ಒಬ್ಬರಿಗೇ ಕಷ್ಟ.

ಎಷ್ಟು ಜನ ಬರುತ್ತೀರಿ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಬೇಡಿ, ಲೆಕ್ಕ ಹಾಕಿ ಬರೆಯಿರಿ.