ಮೂತ್ರ ಸೋರಿಕೆಗೆ ಕೋಡ್ ಹಾಕುವ ಮುನ್ನ

ಚಿ. ಅನಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಮೆರಿಕದ ಯುರಾಲಜಿ (ಮೂತ್ರರೋಗ) ಚಾರ್ಟುಗಳನ್ನು ಓದಿ, ವಿಮೆಯ ಕ್ಲೇಮಿಗೆ ರೋಗದ ಕೋಡ್ ಹಾಕುವ ಕೆಲಸ ಇನ್ನು ನಿನ್ನ ಪಾಲಿಗೆ ಬರುತ್ತದೆ ಅಂದೆಯಲ್ಲ, ಒಂದು ಮಾತು ಮೊದಲೇ ಹೇಳುತ್ತೇನೆ. ‘ಇನ್‌ಕಾಂಟಿನೆನ್ಸ್’, ಅಂದರೆ ಮೂತ್ರ ಸೋರಿಕೆ, ಎಂದು ಕಂಡ ಕೂಡಲೇ ಆರ್32 ಹಾಕಬೇಡ. ಅದು ಬಗೆ ನಮೂದಾಗದ ಸೋರಿಕೆಯ ಕೋಡ್. ಡಾಕ್ಟರು ಬಗೆ ಬರೆದಿದ್ದೂ ನೀನು ಅದನ್ನೇ ಹಾಕಿದರೆ, ಮುಂದಿನ ಚಿಕಿತ್ಸೆ ಯಾಕೆ ಬೇಕಾಯಿತು ಎಂಬುದು ಕ್ಲೇಮಿನಲ್ಲಿ ಕಾಣುವುದಿಲ್ಲ.

ಸೋರಿಕೆ ಯಾವಾಗ ಆಗುತ್ತದೆ ಎಂದು ನೋಡು. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಆಗುವುದು ಸ್ಟ್ರೆಸ್, ಎನ್39.3. ತಡೆಯಲಾರದಷ್ಟು ಅವಸರವಾಗಿ ಸೋರುವುದು ಅರ್ಜ್, ಎನ್39.41. ಎರಡೂ ಇದ್ದರೆ ಎನ್39.46 ಒಂದೇ ಸಾಕು. ಆ ಎರಡನ್ನೂ ಇದರ ಜೊತೆ ಸೇರಿಸಬಾರದೆಂದು ಕೋಡ್ ಪಟ್ಟಿಯಲ್ಲಿ ಎಕ್ಸ್‌ಕ್ಲೂಡ್ಸ್1 (ಒಟ್ಟಿಗೆ ಹಾಕಬಾರದು) ಎಂಬ ಸೂಚನೆಯೇ ಇದೆ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ತುಂಬಿ ಸೋರುವುದು ಓವರ್‌ಫ್ಲೋ, ಎನ್39.490; ಕೊನೆಯ ಸೊನ್ನೆ ಬಿಟ್ಟರೆ ಕೋಡ್ ಅಮಾನ್ಯ.

ಆದರೆ ಈ ಲಕ್ಷಣಗಳು ನಿನಗೆ ಸುಳಿವು ಮಾತ್ರ. ರೋಗದ ಹೆಸರನ್ನು ಡಾಕ್ಟರೇ ಬರೆಯಬೇಕು. ಔಷಧಿ ಪಟ್ಟಿಯಲ್ಲಿ ಮೂತ್ರದ ಅವಸರ ತಗ್ಗಿಸುವ ಮಿರಾಬೆಗ್ರಾನ್ ಇದೆಯೆಂದು ಅರ್ಜ್ ಎಂದುಕೊಳ್ಳುವುದು, ರೋಗಿಯೇ ತುಂಬಿದ ಪ್ರಶ್ನಾವಳಿ ನೋಡಿ ಬಗೆ ತೀರ್ಮಾನಿಸುವುದು, ಎರಡೂ ತಪ್ಪು. ಹೊರರೋಗಿಯ ಚಾರ್ಟಿನಲ್ಲಿ ‘ಇರಬಹುದು’, ‘ಶಂಕೆ’ ಎಂದಿದ್ದರೆ ಆ ರೋಗಕ್ಕೆ ಕೋಡ್ ಇಲ್ಲ, ಲಕ್ಷಣಕ್ಕಷ್ಟೇ. ಸೋರಿಕೆಯ ಬಗೆಯ ಜೊತೆ ಓವರ್‌ಆಕ್ಟಿವ್ ಬ್ಲ್ಯಾಡರ್ (ಮೂತ್ರಕೋಶದ ಅತಿ ಚಟುವಟಿಕೆ) ಎಂದೂ ಬರೆದಿದ್ದರೆ ಎನ್32.81 ಜೊತೆಗೆ ಸೇರಿಸು. ಅದೊಂದೇ ಇದ್ದರೆ ಸೋರಿಕೆಯೂ ಇದೆಯೆಂದು ಊಹಿಸಬೇಡ, ಎಷ್ಟೋ ಜನರಿಗೆ ಅವಸರ ಮಾತ್ರ ಇರುತ್ತದೆ.

ಹೆಚ್ಚು ಎಡವುವುದು ವಯಸ್ಸಾದವರ ಚಾರ್ಟುಗಳಲ್ಲಿ. ಮರೆವಿನ ಕಾಯಿಲೆಯಿಂದಲೋ, ನಡೆಯಲಾಗದೆಯೋ ಶೌಚಾಲಯ ತಲುಪುವಷ್ಟರಲ್ಲಿ ಬಟ್ಟೆ ಒದ್ದೆಯಾದರೆ ಅದು ಫಂಕ್ಷನಲ್, ಆರ್39.81. ಅದರ ಕಾರಣ ಮೂತ್ರಕೋಶದಲ್ಲಿಲ್ಲ. ಹಾಗಾಗಿ ಆರೈಕೆಯೂ ಬೇರೆ: ಹೊತ್ತು ಹೊತ್ತಿಗೆ ಕರೆದೊಯ್ಯುವವರು ಬೇಕು, ಹಾಸಿಗೆಯ ಬಳಿ ಕಮೋಡ್ ಬೇಕು. ತಪ್ಪು ಬಗೆ ದಾಖಲಾದರೆ ಮುಂದೆ ಚಾರ್ಟ್ ಓದುವವರು ಆ ಅಜ್ಜಿಯ ಮೂತ್ರಕೋಶಕ್ಕೇ ಮಾತ್ರೆ ಕೊಡುತ್ತಾ ಹೋಗಬಹುದು. ಇದು ನನಗೆ ಹಣದ ಲೆಕ್ಕಕ್ಕಿಂತ ದೊಡ್ಡದು.

ಗಂಡಸರಲ್ಲಿ ಪ್ರಾಸ್ಟೇಟ್ ಊತ ಮತ್ತು ಅದರಿಂದ ಮೂತ್ರದ ತೊಂದರೆ ಎಂದಿದ್ದರೆ ಎನ್40.1 ಮೊದಲು, ಸೋರಿಕೆಯ ಎನ್39.4 ಗುಂಪಿನ ಕೋಡ್ ಆಮೇಲೆ.

ಬಗೆ ಬರೆಯದಿದ್ದರೆ ಡಾಕ್ಟರಿಗೆ ಕ್ವೆರಿ, ಅಂದರೆ ಲಿಖಿತ ಪ್ರಶ್ನೆ, ಕಳಿಸು. ‘ಸ್ಟ್ರೆಸ್ ಅಲ್ಲವೇ?’ ಎಂದು ಉತ್ತರವನ್ನು ಬಾಯಿಗಿಡಬೇಡ. ಚಾರ್ಟಿನಲ್ಲಿರುವ ಸಾಲುಗಳನ್ನು ಎತ್ತಿ ತೋರಿಸಿ, ಅವಕ್ಕೆ ಹೊಂದುವ ಬಗೆಗಳನ್ನು, ಜೊತೆಗೆ ‘ಇತರೆ’, ‘ಹೇಳಲಾಗದು’ ಎಂಬ ಆಯ್ಕೆಗಳನ್ನೂ ಇಡು. ಅವರೂ ಹೇಳಲಾಗದು ಎಂದರೆ ಆಗ ಆರ್32 ಹಾಕು.

ಕೋಡ್‌ಗಳು ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಬದಲಾಗುತ್ತವೆ. ರೋಗಿಯನ್ನು ನೋಡಿದ ದಿನಾಂಕಕ್ಕೆ ಹೊಂದುವ ಪಟ್ಟಿಯನ್ನೇ ತೆರೆದಿಟ್ಟುಕೊ.

ಇಂತಿ,
ನಿನ್ನ ದೊಡ್ಡಮ್ಮ