ಆಫ್ರಿಕಾ ಸಫಾರಿ: ರಾತ್ರಿ ಎಣಿಸಬೇಡಿ, ಟಿಕೆಟ್ ಎಣಿಸಿ

ಮಾನ್ಯ ಸಂಪಾದಕರೇ,

ಕರಾವಳಿಯ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಈಗೀಗ ದುಬೈ, ಸಿಂಗಾಪುರಗಳ ಪಕ್ಕದಲ್ಲಿ ಕೀನ್ಯಾ, ತಾಂಜಾನಿಯಾಗಳೂ ಕಾಣಿಸುತ್ತಿವೆ. ಸಂತೋಷ. ಆದರೆ 'ಮಸಾಯಿ ಮಾರಾ ಮೂರು ರಾತ್ರಿ, ತಲೆಗೆ ಕೇವಲ ಇಂತಿಷ್ಟು' ಎಂದು ಅಚ್ಚಾಗುವ ದರದಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಅಲ್ಲಿನ ಖರ್ಚು ನಿಂತಿರುವುದು ರಾತ್ರಿಗಳ ಮೇಲಲ್ಲ. ಕಾಡಿನ ಗೇಟನ್ನು ಎಷ್ಟು ದಿನ, ಯಾವ ತಿಂಗಳಲ್ಲಿ ದಾಟುತ್ತೀರಿ, ಒಂದು ಗಾಡಿಯಲ್ಲಿ ಎಷ್ಟು ಜನ ಕೂರುತ್ತೀರಿ ಎಂಬುದರ ಮೇಲೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಈ ಪತ್ರದಲ್ಲಿ ಡಾಲರಿಗೆ 90 ರೂಪಾಯಿ ಹಿಡಿದಿದ್ದೇವೆ.

ಮೊದಲು ಕೀನ್ಯಾದ ಮಸಾಯಿ ಮಾರಾ ಕಾಡಿನ ಪ್ರವೇಶ ಶುಲ್ಕ. 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 9ರಿಂದ 17 ವರ್ಷದ ಮಕ್ಕಳಿಗೆ 50. ಟಿಕೆಟಿನ ಆಯಸ್ಸು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, ಹನ್ನೆರಡೇ ಗಂಟೆ. ಮಧ್ಯಾಹ್ನ ನಾಲ್ಕಕ್ಕೆ ಒಳಗೆ ಹೋದರೂ ಪೂರ್ತಿ ದಿನದ ಹಣ. ಕಾಡಿನೊಳಗಿನ ಲಾಡ್ಜಿನಲ್ಲಿ ತಂಗಿದವರು ಕೊನೆಯ ದಿನ ಬೆಳಿಗ್ಗೆ 10ರೊಳಗೆ ಗೇಟು ದಾಟಿದರೆ ಆ ದಿನದ ಶುಲ್ಕವಿಲ್ಲ. ಹತ್ತು ದಾಟಿತೋ, ಇನ್ನೊಂದು ಟಿಕೆಟ್.

ಈಗ ಅದೇ 'ಮೂರು ರಾತ್ರಿ'ಯನ್ನು ತಲೇಕ್ ಅಥವಾ ಸೆಕೆನಾನಿ ಗೇಟಿನ ಹೊರಗಿನ ಕ್ಯಾಂಪಿನಲ್ಲಿ ಕಳೆಯುವುದಾಗಿ ಇಟ್ಟುಕೊಳ್ಳಿ. ನೈರೋಬಿಯಿಂದ ನಾರೋಕ್ ದಾಟಿ ರಸ್ತೆಯಲ್ಲಿ ಐದಾರು ಗಂಟೆ. ತಲುಪಿದ ದಿನ ಸುಮ್ಮನೆ ವಿಶ್ರಾಂತಿ, ಎರಡನೆಯ ಮತ್ತು ಮೂರನೆಯ ದಿನ ಬೆಳಗಿನಿಂದ ಸಂಜೆವರೆಗೆ ಕಾಡು, ನಾಲ್ಕನೆಯ ದಿನ ತಿಂಡಿ ತಿಂದು ಹೊರಟರೆ ತಲೆಗೆ ಎರಡು ಟಿಕೆಟ್. ತಲುಪಿದ ಸಂಜೆ ಒಂದು ಸುತ್ತು, ಹೊರಡುವ ಬೆಳಿಗ್ಗೆ ಇನ್ನೊಂದು ಸುತ್ತು ಸೇರಿಸಿದರೆ ನಾಲ್ಕು ಟಿಕೆಟ್. ಆಗಸ್ಟ್‌ನಲ್ಲಾದರೆ ಮೊದಲನೆಯದು ತಲೆಗೆ 36 ಸಾವಿರ ರೂಪಾಯಿ, ಎರಡನೆಯದು 72 ಸಾವಿರ. ನಾಲ್ವರು ದೊಡ್ಡವರಿದ್ದ ಮನೆಗೆ ವ್ಯತ್ಯಾಸ 1,44,000. ಸಂಜೆ ಎರಡು ಗಂಟೆ, ಬೆಳಿಗ್ಗೆ ಎರಡು ಗಂಟೆಯ ಬೆಲೆ ಇದು! ಜಾಹೀರಾತಿನಲ್ಲಿ ಎರಡೂ 'ಮೂರು ರಾತ್ರಿ, ನಾಲ್ಕು ಹಗಲು'. ಕಬಿನಿಯ ರೂಢಿಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಸಫಾರಿ ಕೋಣೆಯ ಬಾಡಿಗೆಯೊಳಗೇ ಬಂದುಬಿಡುತ್ತದೆ. ಅದೇ ಲೆಕ್ಕ ಅಲ್ಲಿಯೂ ಎಂದುಕೊಂಡವರು ಎಡವುವುದು ಇಲ್ಲೇ. ಮಾರಾದಲ್ಲಿ ಗಾಡಿ ದಿನವಿಡೀ ನಿಮ್ಮದೇ. ಬುತ್ತಿ ಕಟ್ಟಿಸಿಕೊಂಡು ಬೆಳಿಗ್ಗೆ ಆರಕ್ಕೆ ಹೊಕ್ಕು ಸಂಜೆ ಆರಕ್ಕೆ ಹೊರಬರುವುದೇ ಹಣದ ನ್ಯಾಯ. ಮಾರಾದ ಅಂಚಿನ ಖಾಸಗಿ ವನ್ಯಜೀವಿ ತಾಣಗಳಲ್ಲಿ (ಕನ್ಸರ್ವೆನ್ಸಿ) ಶುಲ್ಕ ಬೇರೆ. ಅಲ್ಲಿ ತಂಗಿ ಒಂದು ದಿನ ಮುಖ್ಯ ಕಾಡಿಗೆ ಹೋದರೆ ಆ ದಿನಕ್ಕೆ ಮೇಲಿನ ಟಿಕೆಟ್ಟೂ ಸೇರುತ್ತದೆ.

ತಾಂಜಾನಿಯಾದ ಗಡಿಯಾರ ಇನ್ನೊಂದು ಬಗೆ. ಅಲ್ಲಿನ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಲ್ಲಿ ಟಿಕೆಟ್ 24 ಗಂಟೆಯದು. ಹೆಚ್ಚು ಜನ ಬರುವ ತಿಂಗಳುಗಳಲ್ಲಿ 70 ಡಾಲರ್, ಅದರ ಮೇಲೆ ಶೇ 18 ವ್ಯಾಟ್, ಒಟ್ಟು 82.60. ನಾಬಿ ಹಿಲ್ ಗೇಟಿನಲ್ಲಿ ಮಧ್ಯಾಹ್ನ ಒಂದಕ್ಕೆ ಮುದ್ರೆ ಬಿದ್ದರೆ ಹೊರಬೀಳಬೇಕಾದದ್ದೂ ಒಂದರೊಳಗೆ. ದಾರಿಯಲ್ಲಿ ಚಿರತೆ ಸಿಕ್ಕಿತೆಂದು ಮುಕ್ಕಾಲು ಗಂಟೆ ನಿಂತರೆ ಇನ್ನೊಂದು ದಿನದ ಶುಲ್ಕ ಬೀಳುವುದುಂಟು. ಒಳಗಿನ ಲಾಡ್ಜಿನಲ್ಲಿ ಮಲಗಿದ್ದಕ್ಕೆ ರಾತ್ರಿಯ ಶುಲ್ಕ ಪ್ರತ್ಯೇಕ. ಇನ್ನು ಕರಾಟು ಪಟ್ಟಣದ ಕಡೆಯಿಂದ ಸೆರೆಂಗೆಟಿಗೆ ಹೋಗುವ ರಸ್ತೆ ಗೊರೊಂಗೊರೊ ಸಂರಕ್ಷಿತ ಪ್ರದೇಶದ ಮೂಲಕವೇ ಹಾದುಹೋಗುತ್ತದೆ. ಬರೀ ಹಾದುಹೋದರೂ ತಲೆಗೆ 70.80 ಡಾಲರ್; ಎರಡು ರಾತ್ರಿ ಕಳೆದು ಅದೇ ದಾರಿಯಲ್ಲಿ ಮರಳಿದರೆ ಮತ್ತೊಮ್ಮೆ. ಗೊರೊಂಗೊರೊ ಕುಳಿಯೊಳಗೆ (ಆರಿದ ಜ್ವಾಲಾಮುಖಿಯ ಬಾಯಿ) ಇಳಿಯಲು ಗಾಡಿಗೆ 295 ಡಾಲರ್. ಇದು ತಲೆಲೆಕ್ಕವಲ್ಲ, ಗಾಡಿಲೆಕ್ಕ. ಆರು ಜನರಿದ್ದರೆ ತಲೆಗೆ ಸುಮಾರು 4,400 ರೂಪಾಯಿ, ಇಬ್ಬರೇ ಇದ್ದರೆ 13,275.

ಗಾಡಿಲೆಕ್ಕ ಎಂದದ್ದಕ್ಕೆ: ಎಲ್ಲಕ್ಕಿಂತ ಹೆಚ್ಚು ಉಳಿತಾಯ ಸಾಧ್ಯವಿರುವುದು ಇಲ್ಲೇ, ಎಲ್ಲರೂ ಮರೆಯುವುದೂ ಇದನ್ನೇ. ಚಾಲಕ, ಡೀಸೆಲ್ ಸೇರಿ ಲ್ಯಾಂಡ್‌ಕ್ರೂಸರ್‌ಗೆ ದಿನಕ್ಕೆ ಅಂದಾಜು 250 ಡಾಲರ್ ಇಟ್ಟುಕೊಳ್ಳಿ. ಐದು ದಿನಕ್ಕೆ 1,250. ಇಬ್ಬರು ಹೋದರೆ ತಲೆಗೆ 56,250 ರೂಪಾಯಿ. ಆರು ಜನ ಹೋದರೆ 18,750. ಗಂಡ-ಹೆಂಡತಿ ಇಬ್ಬರೇ ಹೋಗುವ ಬದಲು ಪರಿಚಯದ ಇನ್ನೆರಡು ಮನೆಯವರನ್ನು ಸೇರಿಸಿಕೊಂಡರೆ ತಲೆಗೆ 37 ಸಾವಿರದಷ್ಟು ಕೈಯಲ್ಲೇ ಉಳಿಯುತ್ತದೆ. ಆರಕ್ಕಿಂತ ಹೆಚ್ಚು ಬೇಡ. ಪ್ರತಿಯೊಬ್ಬರಿಗೂ ಕಿಟಕಿ ಇರಬೇಕು. ಮೇಲ್ಛಾವಣಿ ಎತ್ತುವ ವ್ಯಾನು ಅಗ್ಗ, ಒಣ ಹವೆಯಲ್ಲಿ ಸಾಕು. ಆದರೆ ಮಾರ್ಚ್ ಕೊನೆಯಿಂದ ಮೇವರೆಗಿನ ದೀರ್ಘ ಮಳೆಯಲ್ಲಿ ಮಾರಾದ ಎರೆಮಣ್ಣು ಹದಗೊಂಡಾಗ ವ್ಯಾನು ಹೂತು ನಿಲ್ಲುತ್ತದೆ, ಇನ್ನೊಂದು ಗಾಡಿ ಬಂದು ಎಳೆಯಬೇಕು. ಅಷ್ಟರಲ್ಲಿ ಅರ್ಧ ದಿನದ ಟಿಕೆಟ್ ಕೆಸರಿಗೆ. ಆ ತಿಂಗಳುಗಳಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು.

ತಿಂಗಳ ಆಯ್ಕೆಯಲ್ಲಿ ನಮ್ಮವರಿಗೆ ಒಂದು ಪೇಚಿದೆ. ಶಾಲೆಗಳ ಬೇಸಿಗೆ ರಜೆ ಬೀಳುವುದು ಸರಿಯಾಗಿ ಆ ಮಳೆಯ ಏಪ್ರಿಲ್-ಮೇ ತಿಂಗಳಲ್ಲಿ. ದಸರಾ, ಕ್ರಿಸ್‌ಮಸ್ ರಜೆಗಳು 200 ಡಾಲರಿನ ಅರ್ಧ ವರ್ಷದಲ್ಲಿ. ಮಕ್ಕಳಿಲ್ಲದೆ ಹೋಗುವವರಿಗೆ, ನಿವೃತ್ತರಿಗೆ ಜನವರಿ-ಫೆಬ್ರುವರಿಯೇ ಲೇಸು: ನೆಲ ಒಣಗಿರುತ್ತದೆ, ಟಿಕೆಟ್ ಅರ್ಧ, ಸಿಂಹ-ಆನೆ-ಚಿರತೆಗಳು ಊರು ಬಿಟ್ಟು ಹೋಗುವುದಿಲ್ಲ. ವೈಲ್ಡ್‌ಬೀಸ್ಟ್‌ ಎಂಬ ಹುಲ್ಲೆ ಜಾತಿಯ ಪ್ರಾಣಿಗಳ ದೊಡ್ಡ ಹಿಂಡು ಮಾತ್ರ ಆಗ ದಕ್ಷಿಣಕ್ಕೆ, ತಾಂಜಾನಿಯಾದ ಎಂಡುಟು ಬಯಲಲ್ಲಿ ಕರು ಹಾಕುತ್ತಿರುತ್ತದೆ. ಆ ಹಿಂಡು ಮಾರಾ ನದಿ ದಾಟುವುದನ್ನೇ ನೋಡಬೇಕೆಂದರೆ ಜುಲೈ ಕೊನೆಯಿಂದ ಅಕ್ಟೋಬರ್. ಹಾಗೆ ಹೋದರೂ ದಾಟುವ ದಿನವನ್ನು ಯಾರೂ ಬರೆದು ಕೊಡಲಾರರು. 'ಕ್ರಾಸಿಂಗ್ ಗ್ಯಾರಂಟಿ' ಎಂದವರಿಂದ ದೂರ ಇರಿ.

ಜುಲೈ-ಆಗಸ್ಟ್ ಎಂದರೆ ಇಲ್ಲಿ ಆಟಿಯ ಮಳೆ. ಮಂಗಳೂರಿನ ಬಜ್ಪೆ ನಿಲ್ದಾಣದಿಂದ ನೈರೋಬಿಗೆ ನೇರ ವಿಮಾನವಿಲ್ಲ, ಮುಂಬೈಯಿಂದ ಇದೆ. ಮಂಗಳೂರು-ಮುಂಬೈ ಒಂದು ಟಿಕೆಟ್, ಮುಂಬೈ-ನೈರೋಬಿ ಇನ್ನೊಂದು ಟಿಕೆಟ್ ಎಂದು ಬೇರೆ ಬೇರೆ ಮಾಡಿಸಿದರೆ ಐದಾರು ಸಾವಿರ ಉಳಿಯಬಹುದು. ಆದರೆ ಗುಡ್ಡದ ನೆತ್ತಿಯ ಬಜ್ಪೆ ರನ್‌ವೇಯಲ್ಲಿ ಮಂಜು-ಮಳೆ ಕವಿದು ವಿಮಾನ ಬೇರೆ ಊರಲ್ಲಿ ಇಳಿದು, ನಿಮಗೆ ನೈರೋಬಿಯ ವಿಮಾನ ತಪ್ಪಿದರೆ ಎರಡನೆಯ ಟಿಕೆಟಿನ ಕಂಪನಿಗೆ ನಿಮ್ಮ ಹೊಣೆಯಿಲ್ಲ, ಅಷ್ಟೂ ಹಣ ನೀರುಪಾಲು. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಆಗದಿದ್ದರೆ ಹಿಂದಿನ ದಿನವೇ ಮುಂಬೈ ಸೇರಿ ಒಂದು ರಾತ್ರಿಯ ಕೋಣೆ ಬಾಡಿಗೆಯನ್ನು ಬಜೆಟ್ಟಿಗೆ ಸೇರಿಸಿ. ಮತ್ಸ್ಯಗಂಧದಲ್ಲಿ ಹೋಗುವವರು ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆ ಎಂಬುದನ್ನು ಮರೆಯಬಾರದು. ಬ್ಯಾಗಿನದ್ದೂ ಹಾಗೆಯೇ: ಬೇರೆ ಬೇರೆ ಟಿಕೆಟಾದರೆ ದೇಶದೊಳಗಿನ 15 ಕಿಲೋ ಮಿತಿಯೇ ಅನ್ವಯ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹಾರುವವರಿಗೂ 15 ಕಿಲೋ, ಅದೂ ಮೆದು ಚೀಲವೇ ಆಗಬೇಕು. ಗಟ್ಟಿ ಸೂಟ್‌ಕೇಸು ಆ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ.

ಪ್ರವಾಸವನ್ನೇ ಕೆಡಿಸಬಲ್ಲದ್ದು ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಹಿಂದಿರುಗುವಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಇದರ ಪ್ರಮಾಣಪತ್ರ ಕೇಳುತ್ತಾರೆ; ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸ. ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಪತ್ರ ಊರ್ಜಿತ, ಆಮೇಲೆ ಜೀವನಪರ್ಯಂತ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಬೀದಿಯ ಕ್ಲಿನಿಕ್ಕಿನಲ್ಲಿ ಹಾಕಿಸಿದ್ದಕ್ಕೆ ಬೆಲೆಯಿಲ್ಲ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿದ್ದು, ತೆರೆದ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ ಜನ ಕೂಡಿಸಿಕೊಂಡೇ ಕೊಡುತ್ತವೆ. ಹೊರಡುವ ವಾರ ಓಡಿದರೆ ಮಂಡೆ ಬಿಸಿ ಮಾತ್ರ. 60 ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಅವರಿಗೆ ಲಸಿಕೆಯೇ ಬೇಡವೆಂದಾದರೆ ಪ್ರವಾಸದ ಮುಂಗಡ ಕಟ್ಟುವ ಮೊದಲೇ ತಿಳಿಯುವುದು ಒಳ್ಳೆಯದು. ಹಾಗೆಯೇ, ಮಂಗಳೂರಿನವರಿಗೆ ಮಲೇರಿಯಾ ಹೊಸತೇ ಎಂಬ ಉಡಾಫೆ ಬೇಡ. ನಮ್ಮಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಎಂಬ ಬಗೆ. ಅಲ್ಲಿಯದು ಬಹುಪಾಲು ಫ್ಯಾಲ್ಸಿಪಾರಂ, ಜೀವಕ್ಕೇ ಎರವಾಗುವಂಥದ್ದು. ತಡೆಮಾತ್ರೆ, ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ವಿಮೆ, ಇವೆರಡರಲ್ಲಿ ಜಿಪುಣತನ ಸಲ್ಲ.

ಪ್ರವೇಶಾನುಮತಿ ಹಗುರ ಬಾಬತ್ತು. ಕೀನ್ಯಾಕ್ಕೆ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) 30 ಡಾಲರ್, ತಾಂಜಾನಿಯಾಕ್ಕೆ ವೀಸಾ 50. ನಕಲಿ ಜಾಲತಾಣಗಳು ದುಪ್ಪಟ್ಟು ಕಸಿಯುತ್ತವೆ. ಸರ್ಕಾರಿ ವಿಳಾಸಗಳು 'ಗೋ ಡಾಟ್ ಕೆಇ' (go.ke), 'ಗೋ ಡಾಟ್ ಟಿಝಡ್' (go.tz) ಎಂದೇ ಮುಗಿಯುತ್ತವೆ. ಎರಡೂ ದೇಶಗಳನ್ನು ಒಂದೇ ವಾರದಲ್ಲಿ ತುರುಕುವ ಪ್ಯಾಕೇಜನ್ನು ನಾವಂತೂ ಒಪ್ಪುವುದಿಲ್ಲ. ಮಾರಾ-ಸೆರೆಂಗೆಟಿ ನಕ್ಷೆಯಲ್ಲಿ ಅಂಟಿಕೊಂಡಿವೆ, ಪ್ರವಾಸಿಗರಿಗೆ ಅಲ್ಲಿ ದಾರಿಯಿಲ್ಲ. ಇಸೆಬಾನಿಯಾ ಗಡಿಗೆ ಸುತ್ತುಹಾಕಿ, ಗಾಡಿ-ಚಾಲಕ ಇಬ್ಬರನ್ನೂ ಬದಲಿಸಿ ಹೋಗುವುದರಲ್ಲಿ ಒಂದಿಡೀ ದಿನ, ಒಂದು ದಿನದ ಗಾಡಿ ಬಾಡಿಗೆ ಕರಗುತ್ತದೆ.

ಹಾಗಾದರೆ ಒಟ್ಟು ಎಷ್ಟು? ಫೆಬ್ರುವರಿ, ಗಾಡಿಯಲ್ಲಿ ನಾಲ್ವರು, ಗೇಟಿನ ಹೊರಗೆ ಮೂರು ರಾತ್ರಿ, ಮೂರು ಟಿಕೆಟ್, ನೈವಾಶಾ ಸರೋವರದ ದಂಡೆಯಲ್ಲಿ ಒಂದು ರಾತ್ರಿ (ಸರೋವರಕ್ಕೆ ಪಾರ್ಕ್ ಶುಲ್ಕವಿಲ್ಲ, ದೋಣಿಗೆ ಕೊಟ್ಟರಾಯಿತು, ನೀರಾನೆ, ಹಕ್ಕಿ ಧಾರಾಳ), ನೈರೋಬಿಯಲ್ಲಿ ಒಂದು ರಾತ್ರಿ. ಒಬ್ಬರಿಗೆ: ಮಂಗಳೂರಿನಿಂದ ಮಂಗಳೂರಿಗೆ ವಿಮಾನ 60 ಸಾವಿರ, ಇಟಿಎ 2,700, ಮಾರಾ ಟಿಕೆಟ್ 27 ಸಾವಿರ, ಗಾಡಿಯ ಪಾಲು 28,125, ಊಟ ಸಹಿತ ವಸತಿ 58,500, ಚಾಲಕನಿಗೆ ದಿನಕ್ಕೆ 10 ಡಾಲರಿನಂತೆ ಟಿಪ್ಸ್ 4,500, ಲಸಿಕೆ-ಮದ್ದು-ವಿಮೆ 8 ಸಾವಿರ, ದೋಣಿ-ನೀರು-ಪಾನೀಯ-ಸಣ್ಣಪುಟ್ಟದ್ದಕ್ಕೆ 10 ಸಾವಿರ. ಕೂಡಿದರೆ 1,98,825. ಮಾರಾ ಟಿಕೆಟ್, ಇಟಿಎ ಬಿಟ್ಟು ಉಳಿದವು ಅಂದಾಜು. ಡಾಲರ್ ಏರಿಳಿತಕ್ಕೆಂದು ಹತ್ತನೇ ಒಂದು ಭಾಗ ಬದಿಗಿಡಿ. ಇದೇ ಪ್ರವಾಸ ಆಗಸ್ಟ್‌ನಲ್ಲಾದರೆ ಮಾರಾ ಟಿಕೆಟಿಗೆ ಇನ್ನೂ 27 ಸಾವಿರ, ವಸತಿಗೂ ಅಷ್ಟೇ ಹೆಚ್ಚು, ವಿಮಾನಕ್ಕೆ ಹದಿನೈದು ಸಾವಿರ ಸೇರಿ 2,68,000ದ ಹತ್ತಿರ. ಬಿಸಿಗಾಳಿ ಬಲೂನು ಹತ್ತುವ ಆಸೆಯಿದ್ದರೆ ತಲೆಗೆ 40 ಸಾವಿರದ ಮೇಲೆ ಬೇರೆ ತೆಗೆದಿಡಿ.

ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಜಿಎಸ್‌ಟಿ ಜೊತೆಗೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಕಟ್ಟಬೇಕು. ಇದರ ದರ ಪದೇ ಪದೇ ಬದಲಾಗಿದೆ: 2023ರ ಅಕ್ಟೋಬರ್‌ನಿಂದ 7 ಲಕ್ಷದವರೆಗೆ ಶೇ 5, ಮೀರಿದ್ದಕ್ಕೆ ಶೇ 20 ಇತ್ತು, 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷಕ್ಕೇರಿತು. ಹಣ ಕಟ್ಟುವ ದಿನ ಯಾವ ದರ ಎಂದು ಬರಹದಲ್ಲಿ ಪಡೆಯಿರಿ. ಟಿಸಿಎಸ್ ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆ ವಿವರಣೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅದು ಯಾರ ಪ್ಯಾನ್ ಮೇಲೆ ಬಿತ್ತೆಂಬುದು ಮುಖ್ಯ. ಮಗ ಹಣ ಕೊಟ್ಟು, ತೆರಿಗೆ ವಿವರಣೆಯನ್ನೇ ಸಲ್ಲಿಸದ ತಾಯಿಯ ಪ್ಯಾನ್‌ನಲ್ಲಿ ಬಿಲ್ಲು ಮಾಡಿಸಿದರೆ ಹಿಂಪಡೆಯಲು ಅಮ್ಮ ವಿವರಣೆ ಸಲ್ಲಿಸಬೇಕಾಗುತ್ತದೆ. ಕರಾರಿನಲ್ಲಿ 'ಪಾರ್ಕ್ ಶುಲ್ಕ ಏರಿದರೆ ವ್ಯತ್ಯಾಸ ಗ್ರಾಹಕರದು' ಎಂಬ ಸಾಲನ್ನು ಹುಡುಕಿ ಓದಿ. ಮಾರಾದ ದರ ಏರಿದ ಬಗೆ ನೋಡಿದರೆ ಅದು ಬರೀ ಶಿಷ್ಟಾಚಾರದ ಸಾಲಲ್ಲ. ಕೈಯಲ್ಲಿ ಒಯ್ಯುವ ಡಾಲರ್ ನೋಟುಗಳು ಹೊಸವೇ ಇರಲಿ. ಹಳೆಯ ಮುದ್ರಣದವು, ಗೀಟು-ಹರುಕು ಇರುವವು ಅಲ್ಲಿ ನಡೆಯುವುದಿಲ್ಲ.

ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟುವವರಿಗೆ ಒಂದು ಮಾತು: ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಬಟ್ಟೆಚೀಲ, ಸ್ಟೀಲ್ ಡಬ್ಬಿ ಒಯ್ಯಿರಿ. ಬೇಳೆಸಾರು, ಚಪಾತಿ ಬಹಳಷ್ಟು ಕ್ಯಾಂಪುಗಳಲ್ಲಿ ಸಿಗುತ್ತವೆ. ಕುಚ್ಚಲಕ್ಕಿ ಗಂಜಿಯ ಆಸೆ ಮಾತ್ರ ಬಿಡಿ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ಇನ್ನು ಮುಂದೆ ಸಫಾರಿ ದರ ಅಚ್ಚಾಗುವಾಗ ಅದರ ಕೆಳಗೆ ಯಾವ ತಿಂಗಳಿನದು, ತಲೆಗೆ ಎಷ್ಟು ಪ್ರವೇಶ ಟಿಕೆಟ್, ಗಾಡಿಯಲ್ಲಿ ಎಷ್ಟು ಜನ ಎಂಬ ಮೂರು ವಿವರ ಸೇರುವಂತೆ ಜಾಹೀರಾತು ವಿಭಾಗದವರು ಕೇಳಲಿ. ಹೆಚ್ಚೆಂದರೆ ಒಂದು ಸಾಲಿನ ಜಾಗ ಬೇಕಾದೀತು.

– ಪ್ರವಾಸ ಯೋಜನೆಯ ಕೆಲಸದಲ್ಲಿರುವ ಇಬ್ಬರು ಓದುಗರು, ಕದ್ರಿ, ಮಂಗಳೂರು